ಅಮೆರಿಕದ ಮನೆಮಂದಿಯ ಹಳೆಯ ಪತ್ರ ಓದುವುದು ಹೇಗೆ? ಹೊರಮೈಯಿಂದ ಶುರು ಮಾಡಿ

1800ರಿಂದ 1850ರ ನಡುವೆ ಅಮೆರಿಕದ ಪೂರ್ವ ಕರಾವಳಿಯ ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟರು. ವರ್ಜೀನಿಯಾ, ಪೆನ್ಸಿಲ್ವೇನಿಯಾ, ಕನೆಕ್ಟಿಕಟ್ ಬಿಟ್ಟು ಒಹಾಯೊ, ಕೆಂಟಕಿ, ಇಂಡಿಯಾನಾ, ಇಲಿನಾಯ್, ಮಿಸೌರಿ ಕಡೆಗೆ. ಅಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿ ಸರ್ಕಾರ ಮಾರುತ್ತಿದ್ದ ನೆಲ ಅದು. ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ, ವಯಸ್ಸಾದ ಅಪ್ಪ ಅಮ್ಮ ಹಳೆಯ ಮನೆಯಲ್ಲಿ. ಮತ್ತೆ ಮುಖ ನೋಡುವ ಭರವಸೆ ಬಹಳ ಜನಕ್ಕೆ ಇರಲಿಲ್ಲ. ಇದ್ದ ಕೊಂಡಿ ಪತ್ರವೊಂದೇ.

ಆ ಪತ್ರಗಳಲ್ಲಿ ಎಷ್ಟೋ ಇವತ್ತಿಗೂ ಉಳಿದಿವೆ. ಲೂಯಿವಿಲ್‌ನ ಫಿಲ್ಸನ್ ಹಿಸ್ಟಾರಿಕಲ್ ಸೊಸೈಟಿ, ಶಿಕಾಗೊದ ನ್ಯೂಬೆರಿ ಲೈಬ್ರರಿ, ಮಿಶಿಗನ್ ವಿಶ್ವವಿದ್ಯಾಲಯದ ಕ್ಲೆಮೆಂಟ್ಸ್ ಲೈಬ್ರರಿ ಇಂಥ ಕಡೆ ಪೆಟ್ಟಿಗೆಗಟ್ಟಲೆ ಇವೆ. ಸ್ಕ್ಯಾನ್ ಆಗಿ ಇಂಟರ್ನೆಟ್ಟಿಗೆ ಬಂದಿರುವುದೂ ಸಾಕಷ್ಟಿದೆ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಕೂತು ಓದಬಹುದು. ಲೈಬ್ರರಿ ಆಫ್ ಕಾಂಗ್ರೆಸ್ 2018ರಲ್ಲಿ ಶುರು ಮಾಡಿದ ‘ಬೈ ದಿ ಪೀಪಲ್’ ಯೋಜನೆಯಂಥ ಕಡೆ ಯಾವ ದೇಶದವರಾದರೂ ಹಳೆಯ ಕೈಬರಹವನ್ನು ಟೈಪ್ ಮಾಡಿಕೊಡಬಹುದು. ಒಹಾಯೊ, ಇಲಿನಾಯ್ ಕಡೆ ಇರುವ ಕನ್ನಡಿಗರಿಗಂತೂ ಪಕ್ಕದ ಊರಿನ ಕೌಂಟಿ (ನಮ್ಮ ಜಿಲ್ಲೆಯಂಥದು) ಹಿಸ್ಟಾರಿಕಲ್ ಸೊಸೈಟಿಯ ಬಾಗಿಲು ತೆರೆದೇ ಇರುತ್ತದೆ. ಇತಿಹಾಸದ ಪದವಿ ಬೇಕಿಲ್ಲ. ಕೂಡಿಸಿ ಬರೆದ ಇಂಗ್ಲಿಷ್ ಓದಲು ಸ್ವಲ್ಪ ಅಭ್ಯಾಸ, ತುಂಬಾ ತಾಳ್ಮೆ, ಅಷ್ಟೇ.

ಪತ್ರ ಕೈಗೆ ಬಂದ ಕೂಡಲೇ ಎಲ್ಲರೂ ಒಳಗಿನ ಮಾತಿಗೆ ಹಾರುತ್ತಾರೆ. ಹಾಗೆ ಮಾಡಬೇಡಿ. ಎಷ್ಟು ಬರೆಯಬಹುದು, ಎಷ್ಟು ಸಲ ಬರೆಯಬಹುದು, ಯಾರ ಮುಂದೆ ಓದುತ್ತಾರೆ ಎಂಬುದನ್ನು ಆ ಕಾಲದಲ್ಲಿ ದುಡ್ಡು ಮತ್ತು ದಾರಿ ತೀರ್ಮಾನಿಸುತ್ತಿದ್ದವು. ಅದರ ಗುರುತೆಲ್ಲ ಹೊರಮೈಯಲ್ಲಿದೆ. ಅದನ್ನು ಓದದೆ ಒಳಗೆ ಹೋದರೆ ಬಡವರನ್ನು ಕಲ್ಲುಮನಸ್ಸಿನವರು ಅಂದುಕೊಂಡುಬಿಡುತ್ತೀರಿ.

ಹೆಜ್ಜೆ 1: ಕಾಗದವನ್ನು ಕಾಪಾಡಿ

ಮೂಲ ಪತ್ರವೇ ಎದುರಿಗಿದ್ದರೆ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಕಾಗದಕ್ಕೆ ಕೈಗವಸು ಬೇಡ, ಅದರಿಂದ ಅಂಚು ಹರಿಯುವುದೇ ಜಾಸ್ತಿ. ಪೆನ್ನು ದೂರ ಇಡಿ, ಪೆನ್ಸಿಲ್ ಸಾಕು. ಫೋಟೊಗೆ ಫ್ಲಾಶ್ ಬೇಡ. ಹರಿದ ಕಡೆ ಸೆಲ್ಲೊಟೇಪ್ ಹಚ್ಚುವುದು, ಲ್ಯಾಮಿನೇಟ್ ಮಾಡಿಸುವುದು ಎರಡೂ ಪತ್ರವನ್ನು ಕೊಂದ ಹಾಗೆ. ಆ ಕಾಲದ ಕಾಗದ ಚಿಂದಿಬಟ್ಟೆಯ ನಾರಿನದು, ಗಟ್ಟಿ. ಆದರೆ ಕಬ್ಬಿಣದ ಅಂಶವಿದ್ದ ಶಾಯಿ ಕೆಲವು ಕಡೆ ಕಾಗದವನ್ನೇ ತಿಂದಿರುತ್ತದೆ, ಆದ್ದರಿಂದ ಮಡಿಕೆ ಬಿಡಿಸುವಾಗ ನಿಧಾನ.

ಸ್ಕ್ಯಾನ್ ಓದುವವರು ಮುಖ್ಯವಾಗಿ ನೋಡಬೇಕಾದ್ದು ಒಂದೇ: ಎಲ್ಲ ಪುಟವೂ ಇದೆಯಾ? ವಿಳಾಸ ಇರುವ ಪುಟವನ್ನು ‘ಖಾಲಿ’ ಎಂದು ಬಿಟ್ಟುಬಿಟ್ಟಿರುವ ಸ್ಕ್ಯಾನುಗಳಿವೆ. ನಮಗೆ ಮೊದಲು ಬೇಕಾದ್ದೇ ಆ ಪುಟ.

ಹೆಜ್ಜೆ 2: ವಿಳಾಸದ ಪುಟ ಓದಿ

1845ಕ್ಕೆ ಮೊದಲು ಲಕೋಟೆ ಬಳಸುತ್ತಿದ್ದವರು ಕಡಿಮೆ. ಕಾರಣ ಸರಳ. ಅಂಚೆದರ ತೂಕದ ಮೇಲಲ್ಲ, ಹಾಳೆಯ ಲೆಕ್ಕದಲ್ಲಿತ್ತು. ಲಕೋಟೆಯೂ ಒಂದು ಹಾಳೆ, ದರ ದುಪ್ಪಟ್ಟು. ಹಾಗಾಗಿ ಒಂದು ದೊಡ್ಡ ಹಾಳೆಯನ್ನು ನಡುವೆ ಮಡಿಸಿ ನಾಲ್ಕು ಪುಟ ಮಾಡಿಕೊಳ್ಳುತ್ತಿದ್ದರು. ಮೂರು ಪುಟ ಬರೆದು, ನಾಲ್ಕನೆಯದು ಹೊರಗೆ ಬರುವಂತೆ ಮಡಿಸಿ, ಅರಗಿನಲ್ಲೋ ಹಿಟ್ಟಿನ ಬಿಲ್ಲೆಯಲ್ಲೋ ಮುದ್ರೆ ಒತ್ತಿ, ಹೊರಗೆ ವಿಳಾಸ ಬರೆಯುತ್ತಿದ್ದರು.

ಆ ಹೊರಪುಟದ ಬಲ ಮೇಲ್ಮೂಲೆಯಲ್ಲಿ ಶಾಯಿಯಲ್ಲಿ ಗೀಚಿದ ಒಂದು ಅಂಕಿ ಹುಡುಕಿ. ಅದು ಅಂಚೆದರ. 1816ರ ಕಾನೂನಿನ ಪ್ರಕಾರ ಒಂದು ಹಾಳೆಗೆ 30 ಮೈಲಿವರೆಗೆ 6 ಸೆಂಟ್, 80 ಮೈಲಿವರೆಗೆ 10, 150ರವರೆಗೆ 12½, 400ರವರೆಗೆ 18½, ಅದಕ್ಕೂ ದೂರಕ್ಕೆ 25 ಸೆಂಟ್. 1825ರಲ್ಲಿ 18½ ಇದ್ದದ್ದು 18¾ ಆಯಿತು. ಈ ವಿಚಿತ್ರ ಭಿನ್ನರಾಶಿಗೆ ಕಾರಣ ಜನರ ಜೇಬಿನಲ್ಲಿದ್ದ ಸ್ಪೇನಿನ ಬೆಳ್ಳಿ ನಾಣ್ಯ. ಒಂದು ಸ್ಪ್ಯಾನಿಷ್ ಡಾಲರಿಗೆ ಎಂಟು ರಿಯಾಲ್. ಒಂದು ರಿಯಾಲ್ ಅಂದರೆ 12½ ಸೆಂಟ್, ಒಂದೂವರೆ ಅಂದರೆ 18¾.

ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ, ತುಂಬಾ ಕೆಲಸಕ್ಕೆ ಬರುತ್ತದೆ. 25 ಎಂದಿದ್ದರೆ ಒಂದೇ ಹಾಳೆ, 400 ಮೈಲಿಗೂ ದೂರ, ಇಲ್ಲವೇ 12½ರ ದೂರಕ್ಕೆ ಎರಡು ಹಾಳೆ. 37½ ಎಂದಿದ್ದರೆ 18¾ರ ಎರಡು ಪಟ್ಟು, ಅಂದರೆ ಎರಡು ಹಾಳೆ, ಇಲ್ಲವೇ 12½ರ ಮೂರು ಪಟ್ಟು, ಮೂರು ಹಾಳೆ. ನಿಮ್ಮ ಕೈಯಲ್ಲಿ ಒಂದೇ ಹಾಳೆ ಇದೆಯಾ? ಹಾಗಾದರೆ ಉಳಿದದ್ದು ಎಲ್ಲೋ ಕಳೆದಿದೆ. ಒಳಗೆ ಮಡಿಸಿಟ್ಟಿದ್ದ ನೋಟೋ ಮಗುವಿನ ಕೂದಲಿನ ಪೊಟ್ಟಣವೋ ಕೂಡ ಆಗಿರಬಹುದು. ಪತ್ರದ ಮಾತಿನಲ್ಲಿ ಅದರ ಸುಳಿವು ಇದೆಯೇ ನೋಡಿ. ನೋಟು ಕಳಿಸುವವರು ಅದನ್ನು ಎರಡು ತುಂಡು ಮಾಡಿ ಬೇರೆ ಬೇರೆ ಪತ್ರದಲ್ಲಿ ಕಳಿಸುವ ರೂಢಿಯೂ ಇತ್ತು. ಕಳ್ಳನಿಗೆ ಅರ್ಧ ನೋಟು ಸಿಕ್ಕರೆ ಪ್ರಯೋಜನವಿಲ್ಲವಲ್ಲ.

ಇನ್ನೊಂದು ದೊಡ್ಡ ವಿಷಯ: ಹಣ ಕೊಡುತ್ತಿದ್ದವರು ಬಹುಮಟ್ಟಿಗೆ ಪತ್ರ ಪಡೆದವರು. ಕಳಿಸಿದವರೇ ಕೊಟ್ಟಿದ್ದರೆ ಅಂಕಿಯ ಪಕ್ಕ ‘ಪೇಯ್ಡ್’ ಎಂದಿರುತ್ತದೆ. ಆಗ ಕೂಲಿಯಾಳಿನ ದಿನದ ದುಡಿಮೆ ಒಂದು ಡಾಲರಿಗಿಂತ ಕಡಿಮೆ. ಹೊಸ ಸೀಮೆಯಲ್ಲಂತೂ ನಗದು ಕೈಯಲ್ಲಿ ಓಡಾಡುತ್ತಲೇ ಇರಲಿಲ್ಲ, ಜೋಳಕ್ಕೆ ಉಪ್ಪು, ಹಂದಿಮಾಂಸಕ್ಕೆ ಬಟ್ಟೆ ಎಂಬ ವಿನಿಮಯ. ಅಂಥ ಮನೆಗೆ 25 ಸೆಂಟಿನ ಪತ್ರ ಕಳಿಸುವುದೆಂದರೆ ಅವರ ಮೇಲೆ ಖರ್ಚು ಹೊರಿಸಿದಂತೆ. ಬರೆಯಲಿಲ್ಲ ಅಂದರೆ ನೆನೆಯಲಿಲ್ಲ ಎಂದಲ್ಲ. ತಂಗಿಗೆ ಹೊರೆಯಾಗಬಾರದು ಎಂದೂ ಸುಮ್ಮನಿದ್ದಿರಬಹುದು ಅಲ್ವಾ?

ಅಂಕಿಯೇ ಇಲ್ಲದಿದ್ದರೆ? ಅಂಚೆಯಲ್ಲಿ ಬಂದದ್ದಲ್ಲ, ಆ ಕಡೆ ಹೊರಟಿದ್ದ ಯಾರದೋ ಕೈಯಲ್ಲಿ ಕೊಟ್ಟು ಕಳಿಸಿದ್ದು ಇರಬಹುದು. ವಿಳಾಸದ ಕೆಳಗೆ ಎಡಮೂಲೆಯಲ್ಲಿ ‘ಇಂಥವರ ಕೃಪೆಯಿಂದ’ ಎಂಬರ್ಥದ ಸಾಲು ಇರುತ್ತದೆ. ಆ ಹೆಸರನ್ನು ಬಿಡದೆ ಬರೆದಿಟ್ಟುಕೊಳ್ಳಿ. ಅವರು ನೆಂಟರೋ ನೆರೆಯವರೋ ಆಗಿರುವುದೇ ಹೆಚ್ಚು, ಮುಂದೆ ಕುಟುಂಬದ ನಕ್ಷೆ ಬಿಡಿಸುವಾಗ ಬೇಕಾಗುತ್ತಾರೆ.

‘ಫ್ರೀ’ ಎಂದು ಸಹಿಯೊಂದಿಗೆ ಬರೆದಿದ್ದರೆ ಪೋಸ್ಟ್‌ಮಾಸ್ಟರೋ ಕಾಂಗ್ರೆಸ್ ಸದಸ್ಯನೋ ತನ್ನ ಹಕ್ಕಿನಲ್ಲಿ ಉಚಿತವಾಗಿ ಕಳಿಸಿದ್ದು. ಇದಕ್ಕೊಂದು ಚಂದದ ಉದಾಹರಣೆ ಇದೆ. ಇಲಿನಾಯ್‌ನ ನ್ಯೂ ಸೇಲಂ ಎಂಬ ಪುಟ್ಟ ಊರಿನಲ್ಲಿ 1833ರಿಂದ 1836ರವರೆಗೆ ಅಬ್ರಹಾಂ ಲಿಂಕನ್ ಪೋಸ್ಟ್‌ಮಾಸ್ಟರ್ ಆಗಿದ್ದ. 1835ರಲ್ಲಿ ಮ್ಯಾಥ್ಯೂ ಮಾರ್ಷ್ ಎಂಬಾತ ನ್ಯೂ ಹ್ಯಾಂಪ್‌ಶೈರ್‌ನಲ್ಲಿದ್ದ ತನ್ನ ಸೋದರನಿಗೆ ಪತ್ರ ಬರೆದ. ಪೋಸ್ಟ್‌ಮಾಸ್ಟರ್ ಲಿಂಕನ್ ಬಾಗಿಲು ಹಾಕದೆ ಹೋಗಿಬಿಡುತ್ತಾನೆ, ಎರಡು ಹಾಳೆಯ ಪತ್ರಕ್ಕೆ 25 ಸೆಂಟ್ ಮಾತ್ರ ಗುರುತು ಹಾಕಿದ್ದರೂ ಜಾಸ್ತಿ ಕೇಳುವವನಲ್ಲ, ಒಳ್ಳೆಯ ಗೆಳೆಯ, ಇದ್ದರೆ ಈ ಪತ್ರವನ್ನೂ ಉಚಿತವಾಗಿ ಕಳಿಸಿಕೊಡಲು ಕೇಳುತ್ತೇನೆ ಎಂದಿದ್ದಾನೆ. ಲಿಂಕನ್ ಹಾಗೆಯೇ ಮಾಡಿದ. ಕಾನೂನಿನಲ್ಲಿ ಅದು ತಪ್ಪು. ಒಂದು ಮನೆಪತ್ರದ ಹೊರಮೈ ಒಂದು ಊರಿನ ಒಡನಾಟವನ್ನೇ ಹೇಳಿಬಿಡುತ್ತದೆ.

1845ರ ಜುಲೈ 1ರಿಂದ ಎಲ್ಲ ಬದಲಾಯಿತು. ಅರ್ಧ ಔನ್ಸಿಗೆ 300 ಮೈಲಿವರೆಗೆ 5 ಸೆಂಟ್, ಅದಕ್ಕೂ ದೂರ 10 ಸೆಂಟ್. ಲೆಕ್ಕ ತೂಕಕ್ಕೆ ಬಂದದ್ದರಿಂದ ಲಕೋಟೆಗೆ ದಂಡವಿಲ್ಲ. ಅಂಚೆಚೀಟಿ ಬಂದದ್ದು 1847ರಲ್ಲಿ, ಆದರೆ ಕಡ್ಡಾಯವಾದದ್ದು 1856ರಲ್ಲಿ. ಆದ್ದರಿಂದ ಚೀಟಿ ಇಲ್ಲವೆಂದ ಮಾತ್ರಕ್ಕೆ ಪತ್ರ 1847ಕ್ಕಿಂತ ಹಳೆಯದು ಎಂದು ತೀರ್ಮಾನಿಸಬೇಡಿ. 1845ರ ನಂತರದ ಪತ್ರಗಳಲ್ಲಿ ಲಕೋಟೆ ಬೇರೆ, ಪತ್ರ ಬೇರೆ ಆಗಿಬಿಟ್ಟಿರುವುದು ಬಹಳ. ಯಾರ ವಿಳಾಸಕ್ಕೆ ಹೋಯಿತೆಂದು ಪತ್ರದ ಒಳಗಿನ ಸುಳಿವಿನಿಂದಲೇ ಹುಡುಕಬೇಕು.

ಹೆಜ್ಜೆ 3: ತಾರೀಖುಗಳನ್ನು ಸಾಲಾಗಿ ಇಡಿ

ಒಂದು ಪತ್ರಕ್ಕೆ ಮೂರು ನಾಲ್ಕು ತಾರೀಖು ಇರಬಹುದು. ಬರೆಯಲು ಕೂತ ದಿನ. ವಾರ ಬಿಟ್ಟು ಮತ್ತೆ ಮುಂದುವರಿಸಿದ ದಿನ. ಅಂಚೆಮುದ್ರೆಯ ದಿನ, ಇದರಲ್ಲಿ ವರ್ಷ ಬಹುಮಟ್ಟಿಗೆ ಇರುವುದಿಲ್ಲ. ಕೊನೆಗೆ, ಪಡೆದವರು ಮಡಿಸಿಟ್ಟ ಪತ್ರದ ಬೆನ್ನಿಗೆ ಬರೆದುಕೊಂಡ ‘ಬಂತು, ಉತ್ತರಿಸಿದೆ’ ಎಂಬ ದಿನ. ನಾಲ್ಕನ್ನೂ ಒಂದು ಪಟ್ಟಿಯಲ್ಲಿ ಹಾಕಿ.

ತಿಂಗಳ ಹೆಸರಿಲ್ಲದೆ ‘ಇನ್‌ಸ್ಟಂಟ್’ ಅಥವಾ ‘ಅಲ್ಟಿಮೊ’ ಎಂಬುದರ ಮೊಟಕು ರೂಪ ಬರುತ್ತದೆ. ಮೊದಲನೆಯದು ಇದೇ ತಿಂಗಳು, ಎರಡನೆಯದು ಹೋದ ತಿಂಗಳು. ಇದು ಗೊತ್ತಿಲ್ಲದೆ ಇಡೀ ಸರಣಿಯ ಕ್ರಮ ತಪ್ಪಿಸಿಕೊಂಡವರು ಬೇಕಾದಷ್ಟು ಜನ.

ಲಿಂಕನ್ 1848ರ ಡಿಸೆಂಬರ್ 24ರಂದು ವಾಷಿಂಗ್ಟನ್‌ನಿಂದ ಇಲಿನಾಯ್‌ನಲ್ಲಿದ್ದ ತನ್ನ ತಂದೆ ಥಾಮಸ್‌ಗೆ ಬರೆದ ಪತ್ರವನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಿ. ಸುಲಭವಾಗಿ ಸಿಗುತ್ತದೆ. ‘ನಿಮ್ಮ 7ನೇ ತಾರೀಖಿನ ಪತ್ರ ಮೊನ್ನೆ ರಾತ್ರಿ ಕೈಸೇರಿತು’ ಎಂದು ಶುರು. ಅಂದರೆ 7ರಂದು ಬರೆದದ್ದು 22ರ ರಾತ್ರಿ ತಲುಪಿದೆ. ಹದಿನೈದು ದಿನ. ಜಮೀನು ಹರಾಜಿಗೆ ಹೋಗದಿರಲು ಅಪ್ಪ 20 ಡಾಲರ್ ಕೇಳಿದ್ದರು. ಆತ ಕಳಿಸಿದ. ಜೊತೆಗೆ, ನಿಮ್ಮ ಮೇಲೆ ಕೋರ್ಟಿನ ತೀರ್ಪು ಇದ್ದದ್ದನ್ನು ನೀವು ಮರೆತದ್ದು ವಿಚಿತ್ರ ಎಂದು ಸಂಶಯವನ್ನೂ ಬರೆದ. ಇನ್ನೊಂದು ಪದರ ಇದೆ. ಥಾಮಸ್‌ಗೆ ಸಹಿ ಹಾಕುವುದೇ ಕಷ್ಟ. ಅವರ ಪತ್ರವನ್ನು ಬರೆದುಕೊಟ್ಟದ್ದು ಮಲಮಗ ಜಾನ್ ಜಾನ್‌ಸ್ಟನ್. ಉತ್ತರವನ್ನು ಅವರಿಗೆ ಓದಿ ಹೇಳಬೇಕಾದವನೂ ಮನೆಯಲ್ಲಿದ್ದ ಅವನಂಥವರೇ. ಅವನು ಬೇರೆ 80 ಡಾಲರ್ ಕೇಳಿದ್ದ. ಅದೇ ದಿನ ಅವನಿಗೂ ಉತ್ತರ ಹೋಯಿತು: ಸಾಲ ಕೊಡಲ್ಲ, ಆದರೆ ನೀನು ಬೆವರು ಸುರಿಸಿ ದುಡಿದ ಒಂದೊಂದು ಡಾಲರಿಗೂ ನಾನೊಂದು ಡಾಲರ್ ಸೇರಿಸುತ್ತೇನೆ.

ಹೇಳಿದ ಬಾಯಿ ಬೇರೆ, ಬರೆದ ಕೈ ಬೇರೆ, ಓದಿದ ದನಿ ಇನ್ನೊಂದು. ನೀವು ಓದುವ ಪ್ರತಿ ಪತ್ರಕ್ಕೂ ಈ ಮೂವರು ಯಾರೆಂದು ಕೇಳಿಕೊಳ್ಳಿ.

ಹೆಜ್ಜೆ 4: ಕೈಬರಹಕ್ಕೆ ಕಣ್ಣು ಪಳಗಿಸಿ

ಮೊದಲ ಓದಿನಲ್ಲಿ ಅರ್ಥ ಹುಡುಕಬೇಡಿ. ಸುಮ್ನೆ ಅಕ್ಷರಗಳನ್ನು ನೋಡಿ. ತಾರೀಖು, ಊರು, ‘ಪ್ರೀತಿಯ ತಂದೆಗೆ’ ಎಂಬಂಥ ನಿಮಗೆ ಮೊದಲೇ ಗೊತ್ತಿರುವ ಪದಗಳಿಂದ ಆ ಕೈಯ ಅಕ್ಷರಮಾಲೆ ಮಾಡಿಕೊಳ್ಳಿ. ಆಮೇಲೆ ಗೊತ್ತಿಲ್ಲದ ಪದಕ್ಕೆ ಅದನ್ನು ಹೊಂದಿಸಿ.

ಜೋಡಿ ‘ಎಸ್’ ಬಂದರೆ ಮೊದಲನೆಯದನ್ನು ಉದ್ದಕ್ಕೆ ಎಳೆದು ಬರೆಯುವುದು ಆಗಿನ ರೂಢಿ, ನೋಡಲು ‘ಎಫ್’ ಅಥವಾ ‘ಪಿ’ ಥರ ಕಾಣುತ್ತದೆ. ಹೆಸರುಗಳನ್ನು ಮೊಟಕು ಮಾಡುತ್ತಿದ್ದರು. ‘ಜೆ-ಎನ್-ಒ’ ಎಂದಿದ್ದರೆ ಜಾನ್, ‘ಜೆ-ಎ-ಎಸ್’ ಜೇಮ್ಸ್, ‘ಡಬ್ಲ್ಯು’ ಪಕ್ಕ ಮೇಲಕ್ಕೆ ಪುಟ್ಟ ‘ಎಮ್’ ಇದ್ದರೆ ವಿಲಿಯಂ. ಪೂರ್ಣವಿರಾಮದ ಜಾಗದಲ್ಲಿ ಅಡ್ಡಗೆರೆ. ಕಾಗುಣಿತ ತಪ್ಪಿದೆ ಅನ್ನಿಸಿದಾಗ ಜೋರಾಗಿ ಓದಿ. ಶಾಲೆ ಕಡಿಮೆ ಕಂಡವರು ಮಾತಾಡಿದ ಹಾಗೇ ಬರೆದರು. ಅವರ ಸೀಮೆಯ ಉಚ್ಚಾರ ಕಿವಿಗೆ ಬೀಳುತ್ತದೆ, ನನಗಂತೂ ಈ ಕೆಲಸದಲ್ಲಿ ಬಹಳ ಇಷ್ಟವಾಗುವುದು ಇದೇ.

ಕೆಲವು ಪುಟಗಳು ಬಲೆಯ ಹಾಗೆ ಕಾಣುತ್ತವೆ. ಹಾಳೆ ಮುಗಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೇ ಇನ್ನೊಂದು ಪದರ ಬರೆದಿರುತ್ತಾರೆ. ಎರಡನೇ ಹಾಳೆಯ ದುಡ್ಡು ಉಳಿಸುವ ಉಪಾಯ. ಕಂಪ್ಯೂಟರಿನಲ್ಲಿ ಚಿತ್ರವನ್ನು ತಿರುಗಿಸಿ ಒಂದೊಂದು ದಿಕ್ಕನ್ನು ಬೇರೆ ಬೇರೆ ಕೂತಾಗ ಓದಿ. ಒಂದು ಬಿಳಿ ಚೀಟಿಯಿಂದ ಕೆಳಗಿನ ಸಾಲು ಮುಚ್ಚಿಕೊಂಡರೆ ಕಣ್ಣು ಜಾರುವುದಿಲ್ಲ. ಅಂಚಿನಲ್ಲಿ, ಮುದ್ರೆಯ ಸುತ್ತ, ವಿಳಾಸದ ಪುಟದ ಒಳಮಡಿಕೆಯಲ್ಲಿ ಕೂಡ ಮಾತು ತುಂಬಿರುತ್ತದೆ. ಮುದ್ರೆ ಒಡೆದಾಗ ಕಾಗದ ಕಿತ್ತು ತೂತಾಗಿರುವುದು ಸಾಮಾನ್ಯ. ಕಿತ್ತ ಚೂರು ಎದುರು ಅಂಚಿಗೆ ಅಂಟಿಕೊಂಡಿರುತ್ತದೆ, ಅಲ್ಲಿ ನೋಡಿ.

ನಡುವೆ ಕೈಬರಹ ಬದಲಾದರೆ ಗುರುತು ಹಾಕಿ. ಗಂಡ ಎರಡು ಪುಟ, ಹೆಂಡತಿ ಅರ್ಧ ಪುಟ, ಕೊನೆಗೆ ಮಗುವಿನ ಎರಡು ಸಾಲು, ಎಲ್ಲ ಒಂದೇ ಹಾಳೆಯಲ್ಲಿ. ಗಂಡ ಬೆಳೆ ಚೆನ್ನಾಗಿದೆ ಅಂದರೆ ಹೆಂಡತಿ ಅಲ್ಲೇ ಕೆಳಗೆ ಒಂಟಿತನ ಹೇಳಿಕೊಂಡಿರುತ್ತಾಳೆ.

ಹೆಜ್ಜೆ 5: ಇದ್ದದ್ದನ್ನು ಇದ್ದಂತೆ ಟೈಪ್ ಮಾಡಿ

ಕಾಗುಣಿತ ತಿದ್ದಬೇಡಿ. ಸಾಲು ಒಡೆದ ಕಡೆಯೇ ಒಡೆಯಿರಿ. ಓದಲಾಗದ ಕಡೆ ಚೌಕ ಆವರಣ ಹಾಕಿ, ಊಹೆಯಾದರೆ ಪ್ರಶ್ನೆಗುರುತು. ಕನ್ನಡಕ್ಕೆ ತರುವುದಾದರೆ ಅದು ಬೇರೆ ಕಡತದಲ್ಲಿ ಇರಲಿ. ಅಲ್ಲಿ ಒಂದು ಎಚ್ಚರ: ‘ಅಂಕಲ್’ ಎಂದರೆ ಚಿಕ್ಕಪ್ಪನೋ ಸೋದರಮಾವನೋ ಎಂದು ದಾಖಲೆ ಸಿಗುವ ತನಕ ಅಂಕಲ್ ಎಂದೇ ಬಿಡಿ. ಒಮ್ಮೆ ಮಾವ ಎಂದು ಬರೆದರೆ ಆಮೇಲೆ ನೀವೇ ಅದನ್ನು ನಂಬಿಬಿಡುತ್ತೀರಿ.

ಹೆಜ್ಜೆ 6: ಜನರನ್ನು ಗುರುತಿಸಿ

ಇಲ್ಲಿ ಅವಸರ ಮಾಡಿದರೆ ಕೆಟ್ಟಿತು. ‘ಸೋದರ’ ಎಂದರೆ ಒಡಹುಟ್ಟಿದವನು, ಭಾವಮೈದುನ, ಅಥವಾ ಒಂದೇ ಚರ್ಚಿನವನು. ‘ತಾಯಿ’ ಎಂದರೆ ಅತ್ತೆಯೂ ಆಗಬಹುದು, ಮಲತಾಯಿಯೂ ಆಗಬಹುದು. ‘ಫ್ರೆಂಡ್ಸ್’ ಎಂದರೆ ಆ ಕಾಲದಲ್ಲಿ ನೆಂಟರಿಷ್ಟರೆಲ್ಲ ಸೇರುತ್ತಾರೆ. ಹೆಸರಿನ ಮುಂದೆ ‘ಸೀನಿಯರ್, ಜೂನಿಯರ್’ ಇದ್ದರೆ ಅಪ್ಪ ಮಗ ಆಗಬೇಕೆಂದೇನಿಲ್ಲ, ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡಲು ಊರವರು ಹಾಗೆ ಕರೆಯುತ್ತಿದ್ದರು. ತೀರಿಕೊಂಡ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುತ್ತಿದ್ದದ್ದೂ ಉಂಟು. 1822ರ ‘ಮೇರಿ’ ಮತ್ತು 1830ರ ‘ಮೇರಿ’ ಒಬ್ಬಳೇ ಎಂದುಕೊಳ್ಳುವ ಮೊದಲು ನಿಲ್ಲಿ.

ಪತ್ರದಲ್ಲಿ ಬಂದ ಪ್ರತಿ ಹೆಸರಿಗೂ ಒಂದು ಸಾಲು: ಯಾರು ಹೇಳಿದ್ದು, ಯಾವ ತಾರೀಖು, ಏನೆಂದು ಕರೆದಿದ್ದಾರೆ, ಎಲ್ಲಿದ್ದಾರೆ. ಆಮೇಲೆ ಜನಗಣತಿಗೆ ಹೋಗಿ. 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದೆ, ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ 1840ರ ತನಕ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ವಯಸ್ಸಿನ ಕಂಬಸಾಲಿನಲ್ಲಿ ಬರೀ ಅಂಕಿ. ಗುಲಾಮರನ್ನು ಬಿಟ್ಟು ಮನೆಯವರೆಲ್ಲರ ಹೆಸರು ಬಂದದ್ದು 1850ರಲ್ಲಿ. ಅದಕ್ಕೆ ಮೊದಲು ಒಬ್ಬ ಹೆಂಗಸಿನ ಹೆಸರು, ಅವಳ ತವರು, ಅವಳ ಮಾತು ಇವೆಲ್ಲ ಉಳಿದಿರುವ ಒಂದೇ ಜಾಗ ಎಷ್ಟೋ ಸಲ ಈ ಪತ್ರಗಳೇ. ಅದಕ್ಕೇ ‘ಅಕ್ಕನಿಗೆ ನೆನಪು ತಿಳಿಸಿ’ ಎಂಬ ಕೊನೆಯ ಸಾಲನ್ನೂ ಬಿಡದೆ ಬರೆದಿಟ್ಟುಕೊಳ್ಳಿ ಎನ್ನುವುದು.

ಹಳೆಯ ಪತ್ರಿಕೆಗಳನ್ನೂ ನೋಡಿ. ಯಾರೂ ಬಿಡಿಸಿಕೊಳ್ಳದೆ ಅಂಚೆಕಚೇರಿಯಲ್ಲಿ ಉಳಿದ ಪತ್ರಗಳ ಹೆಸರುಪಟ್ಟಿಯನ್ನು ಪೋಸ್ಟ್‌ಮಾಸ್ಟರುಗಳು ಪತ್ರಿಕೆಯಲ್ಲಿ ಹಾಕಿಸುತ್ತಿದ್ದರು. ಆಮೇಲೂ ಯಾರೂ ಬಾರದಿದ್ದರೆ ಪತ್ರ ವಾಷಿಂಗ್ಟನ್‌ಗೆ ಹೋಗುತ್ತಿತ್ತು. ನಿಮ್ಮ ಪತ್ರದ ಮನುಷ್ಯ ಯಾವ ವರ್ಷ ಯಾವ ಊರಿನ ಸುತ್ತಮುತ್ತ ಇದ್ದಾನೆಂದು ಅವನ ಮನೆಯವರು ನಂಬಿದ್ದರು ಎನ್ನುವುದಕ್ಕೆ ಈ ಪಟ್ಟಿ ಸಾಕ್ಷಿ. ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕಾ’ದಲ್ಲಿ ಉಚಿತವಾಗಿ ಹುಡುಕಬಹುದು. ಪತ್ರಿಕೆಯೇ ಪತ್ರದ ಕೆಲಸ ಮಾಡಿದ್ದೂ ಇದೆ. ಪತ್ರಿಕೆಯ ಅಂಚೆದರ ಒಂದು, ಒಂದೂವರೆ ಸೆಂಟ್ ಮಾತ್ರ. ಅಚ್ಚಾದ ಅಕ್ಷರಗಳ ಕೆಳಗೆ ಸೂಜಿಯಿಂದ ಚುಚ್ಚಿ ಗುಟ್ಟಾಗಿ ಸುದ್ದಿ ಕಳಿಸುತ್ತಿದ್ದರು. ಅದು ನಿಷಿದ್ಧ, ಆದರೂ ನಡೆಯುತ್ತಿತ್ತು.

ಹೆಜ್ಜೆ 7: ಊರುಗಳನ್ನು ನಕ್ಷೆಯಲ್ಲಿ ಇಡಿ

ಅಂಚೆಕಚೇರಿಯ ಹೆಸರು ಹಳ್ಳಿಯ ಹೆಸರೇ ಆಗಿರಬೇಕಿಲ್ಲ. ಒಂದೇ ಹೆಸರಿನ ಊರು ಹತ್ತು ರಾಜ್ಯದಲ್ಲಿರುತ್ತದೆ. ಕೌಂಟಿಗಳಂತೂ ಒಡೆದು ಒಡೆದು ಹೊಸದಾಗುತ್ತಿದ್ದವು. ಕುಟುಂಬ ಕೂತಲ್ಲೇ ಕೂತಿದ್ದರೂ ಹತ್ತು ವರ್ಷದಲ್ಲಿ ಎರಡು ಕೌಂಟಿಯ ಹೆಸರು ಬರೆದಿರಬಹುದು, ಅವರು ಗುಳೆ ಹೋದರು ಎಂದುಕೊಳ್ಳಬೇಡಿ. ನ್ಯೂಬೆರಿ ಲೈಬ್ರರಿಯ ಹಳೆಯ ಕೌಂಟಿ ಗಡಿಗಳ ನಕ್ಷೆಯಲ್ಲಿ ದಿನಾಂಕ ಹಾಕಿ ನೋಡಬಹುದು. ಜಮೀನು ಕೊಂಡ ಸುದ್ದಿ ಇದ್ದರೆ ಬ್ಯೂರೊ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ತಾಣದಲ್ಲಿ ಸರ್ಕಾರಿ ಜಮೀನಿನ ಪಟ್ಟಾಗಳನ್ನು ಹೆಸರಿನಿಂದ ಹುಡುಕಿ. 1820ರ ಕಾನೂನಿನ ಪ್ರಕಾರ ಎಕರೆಗೆ 1 ಡಾಲರ್ 25 ಸೆಂಟ್, ಕನಿಷ್ಠ 80 ಎಕರೆ, ಅಂದರೆ ಕೈಯಲ್ಲಿ 100 ಡಾಲರ್ ಇರಬೇಕಿತ್ತು. ಪಟ್ಟಾದ ತಾರೀಖು ಕೊಂಡ ತಾರೀಖಿಗಿಂತ ತಡವಾಗಿರುವುದು ಮಾಮೂಲು.

ಪತ್ರ ಬಂದ ದಾರಿಯನ್ನೂ ಗೆರೆ ಎಳೆಯಿರಿ. ಪಶ್ಚಿಮಕ್ಕೆ ಹೋಗುವ ಸರ್ಕಾರಿ ರಸ್ತೆ ‘ನ್ಯಾಷನಲ್ ರೋಡ್’ ಒಹಾಯೊ ನದಿದಂಡೆಯ ವೀಲಿಂಗ್ ಊರನ್ನು ಮುಟ್ಟಿದ್ದು 1818ರಲ್ಲಿ, ನ್ಯೂಯಾರ್ಕ್ ರಾಜ್ಯದ ಈರಿ ಕಾಲುವೆ ತೆರೆದದ್ದು 1825ರಲ್ಲಿ.

ಹೆಜ್ಜೆ 8: ಈಗ ಮಾತಿಗೆ ಬನ್ನಿ

ನಮ್ಮ ಹಿರಿಯರ ಕಾಗದ ‘ಉಭಯ ಕುಶಲೋಪರಿ’ ಎಂದು ಶುರುವಾಗುತ್ತಿದ್ದ ಹಾಗೆ ಇವರದೂ ಒಂದು ಕಟ್ಟು ಇದೆ. ಲೇಖನಿ ಕೈಗೆತ್ತಿಕೊಂಡಿದ್ದೇನೆ, ದೇವರ ದಯೆಯಿಂದ ನಾವೆಲ್ಲ ಕ್ಷೇಮ, ಈ ಕೆಲವು ಸಾಲುಗಳು ತಲುಪುವಾಗ ನೀವೂ ಹಾಗೇ ಇರುತ್ತೀರೆಂದು ನಂಬಿದ್ದೇನೆ. ಆಮೇಲೆ ಯಾರಿಗೆ ಜ್ವರ, ಯಾರು ತೀರಿಕೊಂಡರು, ಯಾರಿಗೆ ಮಗುವಾಯಿತು, ಜೋಳದ ಬೆಲೆ, ನೆಲದ ಬೆಲೆ, ಯಾವಾಗ ಬರುತ್ತೀರಿ. ಕೊನೆಗೆ, ಕೈಸೇರಿದ ಕೂಡಲೇ ಬರೆಯಿರಿ. ಈ ಕಟ್ಟನ್ನು ಭಾವನೆ ಎಂದು ಓದಬೇಡಿ, ಭಾವನೆಯಿಲ್ಲದ್ದು ಎಂದೂ ತಳ್ಳಬೇಡಿ. ಕಟ್ಟು ಮುರಿಯುವ ಜಾಗವನ್ನು ಹುಡುಕಿ. ‘ನಾವೆಲ್ಲ ಕ್ಷೇಮ’ ಎಂದ ಮೇಲೆ ‘ಆದರೆ’ ಎಂದು ಬಂದ ಕಡೆ ಪತ್ರ ನಿಜವಾಗಿ ಶುರುವಾಗುತ್ತದೆ.

ರೋಗದ ಹೆಸರುಗಳು ಗೊತ್ತಿರಲಿ. ‘ಏಗ್ಯೂ’ ಎಂದರೆ ಮಲೇರಿಯಾದ ಚಳಿಜ್ವರ. ಹೊಸ ಸೀಮೆಯ ನದಿದಂಡೆಗಳಲ್ಲಿ ಅದು ಎಷ್ಟು ಮಾಮೂಲಾಗಿತ್ತೆಂದರೆ ಕಾಯಿಲೆ ಎಂದೇ ಲೆಕ್ಕಕ್ಕೆ ಹಿಡಿಯದೆ ‘ಏಗ್ಯೂ ಬಿಟ್ಟರೆ ಎಲ್ಲ ಚೆನ್ನಾಗಿದ್ದೇವೆ’ ಎನ್ನುವವರಿದ್ದರು. ‘ಕನ್ಸಂಪ್ಷನ್’ ಎಂದರೆ ಕ್ಷಯ. ‘ಮಿಲ್ಕ್ ಸಿಕ್’ ಎಂದರೆ ವಿಷದ ಗಿಡ ಮೇಯ್ದ ಹಸುವಿನ ಹಾಲಿನಿಂದ ಬರುವ ಕಾಯಿಲೆ. ಲಿಂಕನ್ನನ ಹೆತ್ತ ತಾಯಿ ನ್ಯಾನ್ಸಿ 1818ರಲ್ಲಿ ಇಂಡಿಯಾನಾದಲ್ಲಿ ತೀರಿಕೊಂಡದ್ದು ಇದರಿಂದಲೇ ಎನ್ನುತ್ತಾರೆ.

ಪತ್ರ ಒಬ್ಬರ ಹೆಸರಿಗೆ ಬಂದರೂ ಓದುವುದು ಊರಿಗೆಲ್ಲ. ನಾರ್ವೆಯಿಂದ 1831ರಲ್ಲಿ ಬಂದ ಯೆರ್ಟ್ ಹೂವ್‌ಲಾಂಡ್ ಎಂಬ ರೈತ ಅಮೆರಿಕವನ್ನು ಹೊಗಳಿ ಬರೆದ ಪತ್ರಗಳನ್ನು ಪಶ್ಚಿಮ ನಾರ್ವೆಯ ಜನ ಕೈಯಲ್ಲೇ ನಕಲು ಮಾಡಿ ಹಂಚಿಕೊಂಡರು. ಎಷ್ಟೋ ಮನೆಗಳು ಹಡಗು ಹತ್ತಿದ್ದು ಅಂಥ ಪತ್ರ ಓದಿ. ಹಾಗಾಗಿ ನೆಲದ ಹೊಗಳಿಕೆ ಕಂಡಾಗ ಕೇಳಿಕೊಳ್ಳಿ: ಇವರು ಯಾರನ್ನು ಕರೆಯುತ್ತಿದ್ದಾರೆ? ತಮ್ಮ ಬಂದರೆ ಕಾಡು ಕಡಿಯಲು ಒಂದು ಜೊತೆ ಕೈ ಸಿಗುತ್ತದೆ. ಬರೀ ಕಷ್ಟವೇ ತುಂಬಿದ್ದರೆ, ದುಡ್ಡು ಕೇಳುತ್ತಿದ್ದಾರಾ? ಅಮ್ಮನಿಗೆ ಬರೆದದ್ದೂ ಅಣ್ಣನಿಗೆ ಬರೆದದ್ದೂ ಎರಡೂ ಸಿಕ್ಕರೆ ಒಂದರ ಪಕ್ಕ ಒಂದಿಟ್ಟು ಓದಿ.

ಈಗ ಮೌನದ ಪ್ರಶ್ನೆ. ನಾರ್ಸಿಸಾ ವಿಟ್‌ಮನ್ 1836ರಲ್ಲಿ ನ್ಯೂಯಾರ್ಕ್ ರಾಜ್ಯದ ತವರು ಬಿಟ್ಟು ಗಂಡನ ಜೊತೆ ಮಿಷನರಿಯಾಗಿ ಪಶ್ಚಿಮ ತುದಿಯ ಆರೆಗಾನ್ ಸೀಮೆಗೆ ಹೋದಳು. ಅಲ್ಲಿಗೂ ಇಲ್ಲಿಗೂ ಪತ್ರ ಮುಟ್ಟಲು ತಿಂಗಳುಗಳು, ಕೆಲವೊಮ್ಮೆ ವರ್ಷಕ್ಕೂ ಮೀರಿ. 1837ರ ಮಾರ್ಚಿನಲ್ಲಿ ಹುಟ್ಟಿದ ಅವಳ ಮಗಳು ಆಲಿಸ್ 1839ರ ಜೂನ್ 23ರಂದು ನದಿಯಲ್ಲಿ ಮುಳುಗಿ ಸತ್ತಳು. ಮೊಮ್ಮಗಳ ಆಟಪಾಟದ ಸುದ್ದಿ ಅಜ್ಜಿಗೆ ಮುಟ್ಟುವ ಹೊತ್ತಿಗೆ ಆ ಮಗು ಇರಲಿಲ್ಲ. ಇಂಥ ಸರಣಿ ಓದುವಾಗ ಪ್ರತಿ ಪತ್ರದ ಪಕ್ಕ ಬರೆಯಿರಿ: ಇದನ್ನು ಬರೆಯುವಾಗ ಇವರಿಗೆ ಇನ್ನೂ ಏನು ಗೊತ್ತಿರಲಿಲ್ಲ? ನಾನು ಹೇಳುವ ಎಲ್ಲ ಹೆಜ್ಜೆಗಳಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನು ಮಾಡಿ.

ಹಾಗೆಂದು ಎಲ್ಲ ಮೌನಕ್ಕೂ ದಾರಿಯ ನೆಪ ಹೇಳಲಾಗದು. ಮತ್ತೆ ಲಿಂಕನ್. 1851ರ ಜನವರಿ 12ರಂದು ಜಾನ್‌ಸ್ಟನ್‌ಗೆ ಬರೆಯುತ್ತಾನೆ. ಅಪ್ಪ ಸಾಯುವ ಹಾಸಿಗೆಯಲ್ಲಿದ್ದಾರೆ, ಹಿಂದಿನ ಪತ್ರಗಳು ಬಂದಿವೆ, ಉತ್ತರಿಸಿಲ್ಲ. ಹೆಂಡತಿಗೆ ಹುಷಾರಿಲ್ಲ ಎನ್ನುತ್ತಾನೆ. ಈಗ ನಾವು ಭೇಟಿಯಾದರೂ ಸುಖಕ್ಕಿಂತ ನೋವೇ ಹೆಚ್ಚಾದೀತೇನೋ ಎಂದೂ ಬರೆಯುತ್ತಾನೆ. ಐದು ದಿನಕ್ಕೆ ಥಾಮಸ್ ತೀರಿಕೊಂಡರು. ಲಿಂಕನ್ ಇದ್ದ ಸ್ಪ್ರಿಂಗ್‌ಫೀಲ್ಡೂ ಅಪ್ಪನ ಹಳ್ಳಿಯೂ ಒಂದೇ ರಾಜ್ಯದಲ್ಲಿ, ಅಂಚೆ 5 ಸೆಂಟ್, ಆತ ಹೆಸರುವಾಸಿ ವಕೀಲ. ಇಲ್ಲಿ ದುಡ್ಡಿನ ಕಾರಣ ನಿಲ್ಲುವುದಿಲ್ಲ. ಹೊರಮೈ ಮೊದಲು ಓದಿ ಎಂದದ್ದಕ್ಕೆ ಇದೂ ಒಂದು ಕಾರಣ. ಬಡತನದ ಮೌನ ಯಾವುದು, ಮುನಿಸಿನ ಮೌನ ಯಾವುದು ಎಂದು ಬೇರೆ ಮಾಡಲು ಬೇರೆ ದಾರಿಯಿಲ್ಲ.

ಹೆಜ್ಜೆ 9: ಪೆಟ್ಟಿಗೆಯಲ್ಲಿ ಇಲ್ಲದವರನ್ನೂ ಹುಡುಕಿ

ಪಶ್ಚಿಮಕ್ಕೆ ಎಲ್ಲರೂ ತಾವಾಗಿ ಹೋದದ್ದಲ್ಲ. ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಗುಲಾಮರನ್ನು ಹೊಸ ಹತ್ತಿಸೀಮೆಗೆ ಮಾರಿದರು, ಮನೆಗಳು ಒಡೆದವು. ಅವರಿಗೆ ಓದುಬರಹ ಕಲಿಸುವುದನ್ನೇ ಹಲವು ರಾಜ್ಯಗಳು ಅಪರಾಧ ಮಾಡಿದ್ದವು. ಅದರ ನಡುವೆಯೂ ಉಳಿದ ಕೆಲವು ಪತ್ರಗಳಿವೆ. 1852ರ ಅಕ್ಟೋಬರ್ 8ರಂದು ಶಾರ್ಲಟ್ಸ್‌ವಿಲ್‌ನಿಂದ ಮರಾಯಾ ಪರ್ಕಿನ್ಸ್ ಗಂಡ ರಿಚರ್ಡ್‌ಗೆ ಬರೆದಳು: ಮಗ ಆಲ್ಬರ್ಟ್‌ನನ್ನು ವ್ಯಾಪಾರಿಗೆ ಮಾರಿಬಿಟ್ಟರು, ನನ್ನನ್ನೂ ಇನ್ನೊಂದು ಮಗುವನ್ನೂ ಮಾರಾಟಕ್ಕಿಟ್ಟಿದ್ದಾರೆ. ಒಡೆಯರ ಮನೆಯ ಪತ್ರ ಓದುವಾಗ ಬರೀ ಮೊದಲ ಹೆಸರಿನಿಂದ ಬರುವ ಜನರನ್ನು ನಿಮ್ಮ ಪಟ್ಟಿಗೆ ತಪ್ಪದೆ ಸೇರಿಸಿ. ಅವರ ಮನೆಯವರು ಇವತ್ತು ಹುಡುಕುತ್ತಿರುವುದು ಆ ಒಂದು ಸಾಲನ್ನೇ ಆಗಿರಬಹುದು.

ಇನ್ನೊಂದು ಕಥೆ ಮೂಲನಿವಾಸಿಗಳಾದ ಚೆರೋಕಿ ಜನರದು. ಅವರಲ್ಲಿ ಕೆಲವರು ಆಗಲೇ ಮಿಸಿಸಿಪಿ ದಾಟಿ ಆರ್ಕನ್ಸಾಕ್ಕೆ ಹೋಗಿದ್ದರು, ಉಳಿದವರು ಪೂರ್ವದಲ್ಲಿದ್ದರು. 1821ರಲ್ಲಿ ಸಿಕ್ವೋಯಾ ಎಂಬ ಚೆರೋಕಿ ಕಸುಬುದಾರ ತಮ್ಮ ಭಾಷೆಗೆ ತಾನೇ ಒಂದು ಲಿಪಿ ಕಟ್ಟಿ ತೋರಿಸಿದ. ಇಂಗ್ಲಿಷ್ ಓದಲು ಬಾರದ ಮನುಷ್ಯ ಆತ. ನಮ್ಮ ಲಿಪಿಯ ಹಾಗೆ ಅದರಲ್ಲೂ ಒಂದು ಗುರುತು ಒಂದು ಉಚ್ಚಾರದ ತುಣುಕು, ಎಲ್ಲ ಸೇರಿ 85ರ ಆಸುಪಾಸು. ಕೆಲವೇ ವರ್ಷಗಳಲ್ಲಿ ಜನ ಕಲಿತರು. ಪೂರ್ವದವರಿಗೂ ಪಶ್ಚಿಮದವರಿಗೂ ನಡುವೆ ಅವರದೇ ಭಾಷೆಯಲ್ಲಿ ಪತ್ರ ಓಡಾಡತೊಡಗಿದವು. ಹೊಸ ಸೀಮೆಯ ಮನೆಪತ್ರ ಎಂದರೆ ಇಂಗ್ಲಿಷ್ ಮಾತ್ರ ಎಂದುಕೊಳ್ಳದಿರಲು ಇಷ್ಟು ಸಾಕು. ಜರ್ಮನ್, ನಾರ್ವೇಜಿಯನ್, ವೆಲ್ಷ್ ಪತ್ರಗಳೂ ರಾಶಿ ಇವೆ.

ಹೆಜ್ಜೆ 10: ಕೆಲಸವನ್ನು ಬೇರೆಯವರಿಗೆ ದಕ್ಕುವಂತೆ ಬಿಡಿ

ಕಡತದ ಹೆಸರನ್ನು ವರ್ಷದಿಂದ ಶುರು ಮಾಡಿ: ವರ್ಷ, ತಿಂಗಳು, ದಿನ, ಬರೆದವರು, ಪಡೆದವರು. ತಾರೀಖು ಊಹೆಯಾದರೆ ‘ಸುಮಾರು’ ಎಂದು ಸೇರಿಸಿ, ಯಾಕೆ ಹಾಗೆ ಊಹಿಸಿದಿರಿ ಎಂದು ಒಂದು ಸಾಲು ಬರೆಯಿರಿ. ಮೂಲ ಎಲ್ಲಿದೆ, ಯಾವ ಪೆಟ್ಟಿಗೆ, ಯಾವ ಫೋಲ್ಡರ್ ಎಂಬುದು ಪ್ರತಿ ಕಡತದ ತಲೆಯಲ್ಲಿ ಇರಬೇಕು. ಹಾಳೆ ಎಷ್ಟು, ದರದ ಅಂಕಿ ಎಷ್ಟು, ಮುದ್ರೆಯ ಊರು ಯಾವುದು, ಬೆನ್ನಿನ ಬರಹ ಏನು, ಇವು ಮೊದಲು. ಪತ್ರದ ಮಾತು ಅದರ ಕೆಳಗೆ. ಮುಗಿದ ಮೇಲೆ ಒಂದು ಪ್ರತಿಯನ್ನು ಪತ್ರ ಇಟ್ಟುಕೊಂಡಿರುವ ಲೈಬ್ರರಿಗೆ ಇಮೇಲ್ ಮಾಡಿ. ಬಹಳ ಕಡೆ ಸಂತೋಷದಿಂದ ತೆಗೆದುಕೊಂಡು ಕ್ಯಾಟಲಾಗಿಗೆ ಸೇರಿಸುತ್ತಾರೆ. ಹೊಸ ಹೆಸರೋ ತಾರೀಖೋ ಪತ್ತೆಯಾಗಿದ್ದರೆ ಅದನ್ನು ಇಮೇಲ್‌ನ ಮೊದಲ ಸಾಲಿನಲ್ಲೇ ಹೇಳಿ, ಅವರಿಗೆ ಹುಡುಕಲು ಸುಲಭ.